ಮನಸ್ಸಿನ ಕಷ್ಟಕ್ಕೆ ಸರಿಯಾದ ಥೆರಪಿಸ್ಟ್ ಹುಡುಕುವುದು ಹೇಗೆ: ಮೈಸೂರು, ಮಂಡ್ಯದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಎದೆ ಡವಡವ ಅಂತ ಇಸಿಜಿ ಮಾಡಿಸಿದ್ದೀರಿ, ನಾರ್ಮಲ್ ಬಂದಿದೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ತಗೊಂಡಿದ್ದೀರಿ, ಕಡಿಮೆ ಆಗಿಲ್ಲ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಏಳಲು ಮನಸ್ಸಿಲ್ಲ, ಮಕ್ಕಳ ಮೇಲೆ ಸುಮ್ಸುಮ್ನೆ ರೇಗುತ್ತೀರಿ, ಆಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಳುತ್ತೀರಿ. ಕೊನೆಗೆ ಗೆಳೆಯರೋ ಡಾಕ್ಟರೋ "ಒಂದ್ಸಲ ಸೈಕಾಲಜಿಸ್ಟ್‌ನ ನೋಡಿ" ಅಂದಿದ್ದಾರೆ. ಆದರೆ ಯಾರನ್ನು ನೋಡಬೇಕು, ಎಲ್ಲಿ ಸಿಗುತ್ತಾರೆ, ಹೋಗಿ ಏನು ಹೇಳಬೇಕು ಅನ್ನುವುದನ್ನು ಯಾರೂ ಹೇಳಿಲ್ಲ. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ಸರಿಯಾದ ತರಬೇತಿ ಇರುವ, ನಿಮ್ಮ ಮಾತು ಅರ್ಥವಾಗುವ, ನೀವು ತಪ್ಪದೆ ಹೋಗಿಬರಲು ಆಗುವ ದೂರದಲ್ಲಿರುವ ಒಬ್ಬರು ಸಿಕ್ಕರೆ ಸಾಕು. ಮುಂದೆ ಹೇಳುವುದೆಲ್ಲ ಈ ಮೂರನ್ನು ಕಂಡುಹಿಡಿಯುವ ದಾರಿ.

ತುರ್ತು ಇದ್ದರೆ ಹುಡುಕುತ್ತಾ ಕೂರಬೇಡಿ

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುತ್ತಿದ್ದರೆ, ಅಪಾಯಿಂಟ್‌ಮೆಂಟ್ ಅಂತ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸೇವೆ. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನಾದರೂ ಕುಡಿದುಬಿಟ್ಟಿದ್ದರೆ, ಗಾಯ ಮಾಡಿಕೊಂಡಿದ್ದರೆ 108ಕ್ಕೆ ಫೋನ್ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ನೇರ ಕರೆದುಕೊಂಡು ಹೋಗಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ. ಪೊಲೀಸ್ ಕೇಸ್ ಆಗುತ್ತದೆ ಅನ್ನುವ ಹೆದರಿಕೆಗೆ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥವರನ್ನು ತೀವ್ರ ಒತ್ತಡದಲ್ಲಿ ಇದ್ದವರು ಅಂತಲೇ ನೋಡಬೇಕು, ಶಿಕ್ಷಿಸಬಾರದು ಅನ್ನುತ್ತದೆ.

ನಮ್ಮ ಹಳ್ಳಿ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಅಟ್ಟದ ಮೇಲೋ, ಕೊಟ್ಟಿಗೆಯ ಗೂಡಿನಲ್ಲೋ ಕೈಗೆ ಸಿಗುವ ಹಾಗೆ ಇರುತ್ತದೆ. ಮನೆಯಲ್ಲಿ ಒಬ್ಬರ ಮನಸ್ಸು ಸರಿಯಿಲ್ಲ ಅಂತ ಗೊತ್ತಾದ ದಿನವೇ ಅದನ್ನು ಬೇರೆಯವರ ಮನೆಗೆ ಸಾಗಿಸಿ, ಇಲ್ಲವೇ ಬೀಗ ಹಾಕಿ ಬೀಗದ ಕೈ ನೀವು ಇಟ್ಟುಕೊಳ್ಳಿ. ಆ ಕೆಟ್ಟ ಗಳಿಗೆ ಹೆಚ್ಚಾಗಿ ಸ್ವಲ್ಪ ಹೊತ್ತಿನದು. ಆಗ ಕೈಗೆ ಸಿಗದೆ ಇದ್ದರೆ ಜೀವ ಉಳಿಯುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ.

ಹೆಜ್ಜೆ 1: ಏನಾಗುತ್ತಿದೆ ಅಂತ ಬರೆದುಕೊಳ್ಳಿ

ಒಂದು ಹಾಳೆ ಸಾಕು. "ಡಿಪ್ರೆಶನ್", "ಆಂಗ್ಸೈಟಿ" ಅಂತ ದೊಡ್ಡ ಹೆಸರು ಬರೆಯಬೇಡಿ, ನಡೆಯುತ್ತಿರುವುದನ್ನು ಬರೆಯಿರಿ. ಹೀಗೆ: "ಮೂರು ಗಂಟೆಗೆ ಎಚ್ಚರ ಆಗುತ್ತೆ, ಮತ್ತೆ ನಿದ್ದೆ ಬರಲ್ಲ. ಡೇರಿಗೆ ಹಾಲು ಹಾಕೋಕೆ ಹೋದ್ರೆ ಯಾರಾದ್ರೂ ಮಾತಾಡಿಸ್ತಾರೆ ಅಂತ ಮಗನನ್ನ ಕಳಿಸ್ತೀನಿ. ಫೈನಾನ್ಸ್‌ನವರ ಫೋನ್ ಬಂದ್ರೆ ಕೈ ನಡುಗುತ್ತೆ. ಯುಗಾದಿ ಆದ್ಮೇಲೆ ಶುರುವಾಗಿದ್ದು." ಇಷ್ಟು ಓದಿದರೆ ಕೇಳುವವರಿಗೆ ಅರ್ಧ ವಿಷಯ ಗೊತ್ತಾಗುತ್ತದೆ.

ಜೊತೆಗೆ ಖಿನ್ನತೆ ಎಷ್ಟಿದೆ ಅಂತ ಅಂದಾಜು ಮಾಡುವ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ನೋಡಿ. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಯಾರನ್ನಾದರೂ ನೋಡುವುದು ಒಳ್ಳೆಯದು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಉತ್ತರ ಬಂದರೂ ಮೊತ್ತ ಎಷ್ಟೇ ಇರಲಿ, ಇವತ್ತೇ ಯಾರ ಹತ್ತಿರವಾದರೂ ಮಾತಾಡಿ. ಅಂಕ ನೋಡಿ ನೀವೇ ಕಾಯಿಲೆ ತೀರ್ಮಾನ ಮಾಡಬೇಡಿ, ಹಾಳೆಯ ಜೊತೆ ಇಟ್ಟುಕೊಂಡು ಹೋಗಿ, ಅಷ್ಟೇ.

ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್ ಏರುಪೇರು, ರಕ್ತ ಕಡಿಮೆ ಇರುವುದು, ಬಿ12 ಕೊರತೆ ಇವೆಲ್ಲ ಸುಸ್ತು, ಬೇಜಾರು, ಗಾಬರಿ ತರುತ್ತವೆ. ನಿಮ್ಮ ಮನೆ ಹತ್ತಿರದ ಡಾಕ್ಟರೇ ಬರೆದುಕೊಡುತ್ತಾರೆ.

ಹೆಜ್ಜೆ 2: ಯಾರು ಯಾರು ಅಂತ ತಿಳಿದುಕೊಳ್ಳಿ

ಇಲ್ಲೇ ಜನ ಜಾಸ್ತಿ ಎಡವುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು. ಎಂಬಿಬಿಎಸ್ ಮುಗಿಸಿ ಸೈಕಿಯಾಟ್ರಿಯಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿರುತ್ತಾರೆ. ಕಾಯಿಲೆ ಏನು ಅಂತ ಹೇಳಿ ಮಾತ್ರೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆಗಳನ್ನು ಮಾಡುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಇವರು ಸಾಮಾನ್ಯವಾಗಿ ಎಂ.ಫಿಲ್ ಅಥವಾ ಸೈ.ಡಿ. ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಎಲ್ಲರೂ ಆರ್‌ಸಿಐ ಅನ್ನುವಲ್ಲಿ, ಹೆಸರು ನೋಂದಾಯಿಸಿರಬೇಕು. ಆ ನೋಂದಣಿಗೆ ಸಿಆರ್‌ಆರ್ ನಂಬರ್ ಅನ್ನುತ್ತಾರೆ. ಆರ್‌ಸಿಐ ವೆಬ್‌ಸೈಟಿನಲ್ಲಿ ನೀವೇ ಹುಡುಕಿ ನೋಡಬಹುದು. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅಂತ ಆಸ್ಪತ್ರೆಗಳಲ್ಲಿ ಇನ್ನೊಬ್ಬರು ಇರುತ್ತಾರೆ. ಮನೆಯವರನ್ನು ಕೂರಿಸಿ ಮಾತಾಡುವುದರಲ್ಲಿ, ಸರ್ಕಾರಿ ಸೌಲಭ್ಯ ಕೊಡಿಸುವುದರಲ್ಲಿ ಇವರಿಂದ ಆಗುವ ಉಪಕಾರ ದೊಡ್ಡದು.

ಇನ್ನು ಕೌನ್ಸೆಲರ್. ಎಂಎ ಅಥವಾ ಎಂಎಸ್ಸಿ ಸೈಕಾಲಜಿ ಓದಿ, ಹಿರಿಯರ ಕೈಕೆಳಗೆ ಕೆಲಸ ಕಲಿತ ಒಳ್ಳೆಯ ಕೌನ್ಸೆಲರ್‌ಗಳು ನಮ್ಮಲ್ಲಿ ಇದ್ದಾರೆ. ಆದರೆ ಒಂದು ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ತಮ್ಮನ್ನು ಕೌನ್ಸೆಲರ್ ಅಂತಲೇ ಕರೆದುಕೊಳ್ಳುತ್ತಾರೆ. ಬೋರ್ಡಿನಲ್ಲಿ "ಡಾ." ಇದ್ದ ಮಾತ್ರಕ್ಕೆ ನಂಬಬೇಡಿ, ಅದು ಯಾವ ವಿಷಯದ ಪಿಎಚ್‌ಡಿಯೂ ಆಗಿರಬಹುದು. ಏನು ಓದಿದ್ದೀರಿ, ಎಲ್ಲಿ ತರಬೇತಿ ಆಯಿತು ಅಂತ ಕೇಳುವುದು ನಿಮ್ಮ ಹಕ್ಕು. ಸರಿಯಾಗಿ ಕಲಿತವರು ಆ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಮೊದಲು ಯಾರ ಹತ್ತಿರ ಹೋಗಬೇಕು? ಯಾರಿಗೂ ಕೇಳದ ಧ್ವನಿ ಕೇಳಿಸುತ್ತಿದ್ದರೆ, ವಿಪರೀತ ಸಂಶಯ ಇದ್ದರೆ, ದಿನಗಟ್ಟಲೆ ನಿದ್ದೆಯೇ ಇಲ್ಲದೆ ಹುರುಪಿನಲ್ಲಿ ಓಡಾಡುತ್ತಾ ದುಡ್ಡು ಚೆಲ್ಲುತ್ತಿದ್ದರೆ, ಊಟ ಬಿಟ್ಟಿದ್ದರೆ, ಹೆರಿಗೆಯಾದ ಮೇಲೆ ತಾಯಿಯ ನಡವಳಿಕೆ ಪೂರ್ತಿ ಬದಲಾಗಿದ್ದರೆ ಮೊದಲು ಮನೋವೈದ್ಯರು. ಕುಡಿತದ ವಿಷಯದಲ್ಲೂ ಹಾಗೆಯೇ: ದಿನಾ ಜಾಸ್ತಿ ಕುಡಿಯುವವರು ಒಂದೇ ಸಲಕ್ಕೆ ಬಿಟ್ಟರೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ ಆಗಬಹುದು. ಗಾಬರಿ, ದುಃಖ, ಗಂಡಹೆಂಡಿರ ಜಗಳ, ಪರೀಕ್ಷೆಯ ಭಯ, ಸತ್ತವರ ನೆನಪಿನಿಂದ ಹೊರಬರಲಾಗದೆ ಇರುವುದು ಇಂಥದ್ದಕ್ಕೆ ಸೈಕಾಲಜಿಸ್ಟ್ ಹತ್ತಿರ ಶುರು ಮಾಡಬಹುದು. ಪದೇ ಪದೇ ಕೈ ತೊಳೆಯುವುದು, ಬಾಗಿಲು ಹಾಕಿದೆಯಾ ಅಂತ ಮತ್ತೆ ಮತ್ತೆ ನೋಡುವುದು ಇದ್ದರೆ ಅದಕ್ಕೇ ಬೇರೆ ವಿಧಾನದ ಥೆರಪಿ ಇದೆ, ಅದರಲ್ಲಿ ತರಬೇತಿ ಆಗಿದೆಯಾ ಅಂತ ಕೇಳಿ. ಖಿನ್ನತೆ ಜೋರಾಗಿದ್ದರೆ ಮಾತ್ರೆ, ಮಾತು ಎರಡೂ ಬೇಕಾಗುತ್ತದೆ. ಗೊತ್ತಾಗದೆ ಇದ್ದರೆ ಎರಡರಲ್ಲಿ ಯಾರ ಹತ್ತಿರ ಹೋದರೂ ತೊಂದರೆ ಇಲ್ಲ, ಒಳ್ಳೆಯವರಾಗಿದ್ದರೆ ಅವರೇ ಇನ್ನೊಬ್ಬರ ಹತ್ತಿರ ಕಳಿಸುತ್ತಾರೆ.

ಹೆಜ್ಜೆ 3: ಎಲ್ಲಿ ಹುಡುಕಬೇಕು

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಮತ್ತು ಜೆಎಸ್‌ಎಸ್ ಆಸ್ಪತ್ರೆ, ಎರಡರಲ್ಲೂ ಮನೋವೈದ್ಯಕೀಯ ವಿಭಾಗ ಇದೆ. ಮಗುವಿಗೆ ಮಾತು ತಡ, ಕಲಿಕೆಯಲ್ಲಿ ಕಷ್ಟ ಅಂತಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೇ ಇದೆ. ಮಂಡ್ಯದವರಿಗೆ ಮಿಮ್ಸ್ ಇದೆ. ನಾಗಮಂಗಲ, ಬೆಳ್ಳೂರು ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ.

ತಾಲ್ಲೂಕು ಆಸ್ಪತ್ರೆಯನ್ನು ಮರೆಯಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದು ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿ ನೋಡಿಯೇ 1996ರಲ್ಲಿ ದೇಶದಲ್ಲಿ ಇದನ್ನು ಶುರು ಮಾಡಿದ್ದು. ಆ ತಂಡದವರು ತಾಲ್ಲೂಕು ಮಟ್ಟಕ್ಕೂ ಬರುತ್ತಾರೆ. ಮನೋಚೈತನ್ಯ ಅನ್ನುವ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್ ನಡೆಸುವ ಯೋಜನೆಯೂ ರಾಜ್ಯದಲ್ಲಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಥವಾ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ "ಮಾನಸಿಕ ಡಾಕ್ಟ್ರು ಯಾವತ್ತು ಬರ್ತಾರೆ?" ಅಂತ ಕೇಳಿ. ಕೇಳಲು ಮುಜುಗರ ಆದರೆ 14416ರವರನ್ನೇ ಕೇಳಬಹುದು.

ಸರ್ಕಾರಿ ಆಸ್ಪತ್ರೆಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು ಜೊತೆಯಲ್ಲಿರಲಿ. ಒಪಿಡಿಯಲ್ಲಿ ಜನ ಜಾಸ್ತಿ. ಡಾಕ್ಟರಿಗೆ ನಿಮ್ಮ ಜೊತೆ ತುಂಬಾ ಹೊತ್ತು ಕೂರಲು ಆಗುವುದಿಲ್ಲ. ಆಗ ಆ ಹಾಳೆ ಕೆಲಸಕ್ಕೆ ಬರುತ್ತದೆ. ಎದ್ದು ಬರುವ ಮುಂಚೆ "ಸರ್, ಮಾತಾಡೋ ಚಿಕಿತ್ಸೆಗೆ ಸೈಕಾಲಜಿಸ್ಟ್ ಹತ್ರ ಬರೆದುಕೊಡಿ" ಅಂತ ಕೇಳಿ. ಕೇಳಿದವರಿಗೆ ಸಿಗುತ್ತದೆ, ಸುಮ್ಮನಿದ್ದವರು ಬರೀ ಮಾತ್ರೆ ತಗೊಂಡು ಬರುತ್ತಾರೆ.

ಖಾಸಗಿಯವರನ್ನು ಹುಡುಕುವಾಗ ಗೂಗಲ್ ಸ್ಟಾರ್ ನೋಡಿ ತೀರ್ಮಾನ ಮಾಡಬೇಡಿ. ಥೆರಪಿ ಪಡೆದವರಲ್ಲಿ ಹೆಚ್ಚಿನವರು ಹೆಸರು ಹಾಕಿ ಬರೆಯುವುದಿಲ್ಲ, ಅಲ್ವಾ? ನಿಮ್ಮ ಫ್ಯಾಮಿಲಿ ಡಾಕ್ಟರ್, ಕಾಲೇಜಿನ ಸೈಕಾಲಜಿ ಮೇಷ್ಟ್ರು, ಈಗಾಗಲೇ ತೋರಿಸಿಕೊಂಡ ಗೆಳೆಯರು, ಇವರನ್ನು ಕೇಳಿ ಎರಡು ಮೂರು ಹೆಸರು ಬರೆದಿಟ್ಟುಕೊಳ್ಳಿ.

ಈಗ ದೂರದ ಮಾತು. ಗುರುತಿನವರು ನೋಡಿಬಿಡುತ್ತಾರೆ ಅಂತ ಮಂಡ್ಯದವರು ಮೈಸೂರಿಗೆ, ಮೈಸೂರಿನವರು ಬೆಂಗಳೂರಿಗೆ ಹೋಗುತ್ತಾರೆ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದ ಬೀದಿಯವರು ಸಿಕ್ಕಿ "ಏನಮ್ಮಾ ಇಲ್ಲಿ?" ಅಂದರೆ ಏನು ಹೇಳುವುದು ಅನ್ನುವ ಭಯ ಸಣ್ಣದಲ್ಲ. ಆದರೆ ಥೆರಪಿ ಒಂದೇ ಸಲ ಹೋಗಿ ಮುಗಿಸುವ ಕೆಲಸ ಅಲ್ಲ, ಶುರುವಿನಲ್ಲಿ ವಾರಕ್ಕೊಮ್ಮೆ ಹೋಗಬೇಕು. ಕೆಲಸಕ್ಕೆ ರಜೆ ಹಾಕಿ, ಬಸ್ ಹತ್ತಿ, ಇಡೀ ದಿನ ಕಳೆದು ಬರುವ ಹಾಗಿದ್ದರೆ ಕೆಲವೇ ವಾರದಲ್ಲಿ ಬಿಟ್ಟುಬಿಡುತ್ತೀರಿ. ಆಮೇಲೆ "ಥೆರಪಿ ನಂಗೆ ಆಗಿಬರಲಿಲ್ಲ" ಅನ್ನಿಸುತ್ತದೆ, ಆಗಿಬರದೆ ಇದ್ದದ್ದು ಆ ದೂರ. ಹತ್ತಿರ ಯಾರೂ ಸಿಗದೆ ಇದ್ದರೆ ಮೊದಲ ಒಂದೆರಡು ಸಲ ಮುಖತಃ ನೋಡಿ, ಆಮೇಲೆ ವಿಡಿಯೋ ಕಾಲ್‌ನಲ್ಲಿ ಮುಂದುವರಿಸಲು ಆಗುತ್ತದಾ ಅಂತ ಕೇಳಿ. ಮನೆ ತುಂಬಾ ಜನ ಇದ್ದರೆ ಕಾರಿನಲ್ಲೋ, ತೋಟದ ಪಂಪ್‌ಸೆಟ್ ಮನೆಯಲ್ಲೋ, ಗೆಳತಿಯ ರೂಮಿನಲ್ಲೋ ಕೂತು ಮಾತಾಡುವವರು ಇದ್ದಾರೆ. ಇಯರ್‌ಫೋನ್ ಹಾಕಿಕೊಳ್ಳಿ, ನೆಟ್‌ವರ್ಕ್ ಮೊದಲೇ ನೋಡಿಕೊಳ್ಳಿ.

ಹೆಜ್ಜೆ 4: ಮೊದಲ ಫೋನ್

ಫೋನ್ ಮಾಡಿ ಏನು ಹೇಳಬೇಕು ಅಂತ ತಿಳಿಯದೆ ಎಷ್ಟೋ ಜನ ನಂಬರ್ ಇಟ್ಟುಕೊಂಡೇ ತಿಂಗಳು ಕಳೆಯುತ್ತಾರೆ. ಇಷ್ಟು ಸಾಕು:

"ನಮಸ್ಕಾರ ಮೇಡಂ, ಮದ್ದೂರಿಂದ ಮಾತಾಡ್ತಿದ್ದೀನಿ. ನಂಗೆ ಒಂದಷ್ಟು ದಿನದಿಂದ ತುಂಬಾ ಗಾಬರಿ ಆಗುತ್ತೆ, ಬಸ್ ಹತ್ತೋಕೆ ಆಗ್ತಿಲ್ಲ. ಈ ತರದ್ದು ನೀವು ನೋಡ್ತೀರಾ?"

"ನೋಡ್ತೀನಿ. ಮೊದಲನೇ ಸಲ ಒಂದು ಗಂಟೆ ಆಗಬಹುದು. ಜೊತೇಲಿ ಯಾರಾದ್ರೂ ಬರ್ತಾರಾ?"

"ಅಣ್ಣ ಬರ್ತಾರೆ. ಆದ್ರೆ ನಾನು ಒಬ್ಳೇ ಮಾತಾಡಬೇಕು ಮೇಡಂ."

"ಖಂಡಿತ. ಅವರು ಹೊರಗೆ ಕೂತಿರ್ಲಿ."

ಈ ಕೊನೆಯ ಉತ್ತರ ಹೇಗೆ ಬರುತ್ತದೆ ಅಂತ ಗಮನಿಸಿ. "ಮನೆಯವರು ಇದ್ರೇನೇ ಒಳ್ಳೇದು" ಅಂತ ಒತ್ತಾಯ ಮಾಡಿದರೆ ಇನ್ನೊಬ್ಬರಿಗೆ ಫೋನ್ ಮಾಡಿ. ಫೀಸು ಎಷ್ಟು, ಎಷ್ಟು ಹೊತ್ತು, ನೋಂದಣಿ ಇದೆಯಾ, ಬರಲು ಆಗದೆ ಇದ್ದರೆ ಎಷ್ಟು ಮುಂಚೆ ತಿಳಿಸಬೇಕು ಅಂತಲೂ ಆಗಲೇ ಕೇಳಿಬಿಡಿ. ಕನ್ನಡದ ವಿಷಯ ಮುಖ್ಯ. ಇಂಗ್ಲಿಷಿನಲ್ಲಿ ಆಫೀಸು ನಡೆಸುವವರಿಗೂ ಅಪ್ಪ ಹೊಡೆದ ಕಥೆ ಹೇಳುವಾಗ ಇಂಗ್ಲಿಷ್ ಬಾಯಿಗೆ ಬರುವುದಿಲ್ಲ. "ಹೊಟ್ಟೆ ಉರಿ", "ಸಂಕಟ", "ಜೀವ ಝಲ್ ಅಂತು" ಅಂದರೆ ಅರ್ಥವಾಗುವವರು ಬೇಕು.

"ಮೂರೇ ಸಿಟ್ಟಿಂಗ್, ಗ್ಯಾರಂಟಿ" ಅಂದರೆ ಹೋಗಲೇಬೇಡಿ. ನೋಡದೆಯೇ "ಡಾಕ್ಟ್ರು ಕೊಟ್ಟ ಮಾತ್ರೆ ನಿಲ್ಲಿಸಿ ಬನ್ನಿ" ಅನ್ನುವವರ ಹತ್ತಿರವೂ.

ಹೆಜ್ಜೆ 5: ದುಡ್ಡು

ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ತೀರಾ ಕಡಿಮೆ. ಖಾಸಗಿಯಲ್ಲಿ ಒಬ್ಬೊಬ್ಬರದು ಒಂದೊಂದು ಫೀಸು. ನಾಲ್ಕು ತಿಂಗಳು ಕೊಡಲು ಆಗುತ್ತದಾ ಅಂತ ಲೆಕ್ಕ ಹಾಕಿ ಶುರು ಮಾಡಿ. ಆಗದೆ ಇದ್ದರೆ "ಸ್ವಲ್ಪ ಕಡಿಮೆ ಮಾಡ್ತೀರಾ, ಇಲ್ಲಾ ಹದಿನೈದು ದಿನಕ್ಕೊಮ್ಮೆ ಬರ್ಲಾ?" ಅಂತ ನೇರ ಕೇಳಿ, ನಾಚಿಕೊಳ್ಳುವ ವಿಷಯವೇ ಅಲ್ಲ. 2017ರ ಕಾಯ್ದೆ ಪ್ರಕಾರ ಇನ್ಶೂರೆನ್ಸ್ ಕಂಪನಿಗಳು ದೇಹದ ಕಾಯಿಲೆಯ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಎಷ್ಟೋ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುತ್ತವೆ, ಹೊರರೋಗಿಯಾಗಿ ಪಡೆದ ಥೆರಪಿಗೆ ಸಿಗುತ್ತದಾ ಅಂತ ಓದಿ ನೋಡಿ.

ಹೆಜ್ಜೆ 6: ಮನೆಯವರಿಗೆ ಹೇಳುವುದು

ಹದಿನೆಂಟು ದಾಟಿದ್ದರೆ ಥೆರಪಿಗೆ ಹೋಗಲು ಯಾರ ಒಪ್ಪಿಗೆಯೂ ಬೇಕಿಲ್ಲ. ನೀವು ಹೇಳಿದ್ದನ್ನು ಗುಟ್ಟಾಗಿ ಇಡುವುದು ಥೆರಪಿಸ್ಟ್ ಕರ್ತವ್ಯ, 2017ರ ಕಾಯ್ದೆಯಲ್ಲೂ ಇದೆ. ಜೀವಕ್ಕೆ ಅಪಾಯ ಇದ್ದಾಗ, ಕೋರ್ಟ್ ಕೇಳಿದಾಗ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಬಂದಾಗ ಮಾತ್ರ ಬೇರೆ. ಪೋಕ್ಸೋ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು.

ಆದರೂ ಒಂದೇ ಮನೆಯಲ್ಲಿದ್ದು ಎಷ್ಟು ದಿನ ಮುಚ್ಚಿಡುವುದು? ಮಂಡ್ಯ ಕಡೆ ಅಮ್ಮನಿಗೆ ಹೇಳಿದರೆ ಮೊದಲು ಬರುವ ಮಾತು ಇದೇ: "ಹುಚ್ಚರ ಡಾಕ್ಟ್ರು ತಾವ ಹೋಗಕ್ಕೆ ನಿಂಗೇನ್ ಆಗದೆ ಮಗ?" ಅದಕ್ಕೆ ವಾದ ಮಾಡಬೇಡಿ. ಆ ಮಾತಿನ ಹಿಂದೆ ಇರುವುದು ಭಯ. "ಅಮ್ಮಾ, ರಾತ್ರಿ ನಿದ್ದೆ ಬರಲ್ಲ ಅಂತ ನೀನೇ ನೋಡ್ತಿದ್ದೀಯಲ್ಲ, ಅದಕ್ಕೆ ತೋರಿಸ್ಕೊಂಡು ಬರ್ತೀನಿ" ಅಂದರೆ ಸಾಕು. ಅವರ ಕಣ್ಣಿಗೆ ಕಾಣುವ ತೊಂದರೆಯಿಂದ ಮಾತು ಶುರು ಮಾಡಿ. ಇದೆಲ್ಲ ಈಗಿನವರ ಹೊಸ ಶೋಕಿ ಅನ್ನುವ ಚಿಕ್ಕಪ್ಪ ಇದ್ದರೆ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲೇ ಶುರುವಾಯಿತು ಅಂತ ಹೇಳಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರವನ್ನೂ ಶುರು ಮಾಡಿದವರು.

ದೇವರಿಗೆ ಹರಕೆ, ನಂಜನಗೂಡಿಗೆ ಹೋಗಿ ಉರುಳು ಸೇವೆ ಅಂತ ಅಜ್ಜಿ ಹೇಳಿದರೆ ಹೋಗಿಬನ್ನಿ, ಮನಸ್ಸಿಗೆ ಬಲ ಬರುತ್ತದೆ. ಚಿಕಿತ್ಸೆ ಮಾತ್ರ ನಿಲ್ಲಿಸಬೇಡಿ.

ಹೆಜ್ಜೆ 7: ಮೊದಲ ಭೇಟಿ

ಮೊದಲ ದಿನ ಪ್ರಶ್ನೆಗಳೇ ಜಾಸ್ತಿ. ಯಾವಾಗ ಶುರುವಾಯಿತು, ನಿದ್ದೆ, ಊಟ, ಕೆಲಸ, ಮನೆಯಲ್ಲಿ ಯಾರಿಗಾದರೂ ಹೀಗೆ ಇತ್ತಾ, ಕುಡಿತ, ಹಳೆಯ ಕಾಯಿಲೆ. ಸಾಯುವ ಯೋಚನೆ ಬಂದಿತ್ತಾ ಅಂತಲೂ ಕೇಳುತ್ತಾರೆ. ಗಾಬರಿಯಾಗಬೇಡಿ, ಎಲ್ಲರನ್ನೂ ಕೇಳುತ್ತಾರೆ, ನಿಜ ಹೇಳಿ. ಅಳು ಬಂದರೆ ಅಳಿ. "ಇದನ್ನ ಇವತ್ತು ಹೇಳೋಕೆ ಆಗಲ್ಲ" ಅನ್ನಲು ನಿಮಗೆ ಪೂರ್ತಿ ಸ್ವಾತಂತ್ರ್ಯ ಇದೆ. ಹೊರಬಂದ ಮೇಲೆ ಹಗುರ ಅನ್ನಿಸಬಹುದು, ಪೂರ್ತಿ ಸುಸ್ತೂ ಆಗಬಹುದು. ಆ ದಿನ ಬೇರೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ.

ಮಾತ್ರೆ ಕೊಟ್ಟಿದ್ದರೆ ಒಂದು ಎಚ್ಚರಿಕೆ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು, ತಲೆನೋವು ಮೊದಲೇ ಬರಬಹುದು. ಅಷ್ಟರಲ್ಲಿ ಬಿಡಬೇಡಿ. ಚೆನ್ನಾಗಿ ಅನ್ನಿಸಿತು ಅಂತ ನೀವೇ ನಿಲ್ಲಿಸಲೂಬೇಡಿ, ಡಾಕ್ಟರ್ ನಿಧಾನವಾಗಿ ಕಡಿಮೆ ಮಾಡುತ್ತಾರೆ. ಮಾತ್ರೆ ತಗೊಂಡ ಮೇಲೆ ಚಡಪಡಿಕೆಯೋ ಸಾಯುವ ಯೋಚನೆಯೋ ಜಾಸ್ತಿಯಾದರೆ ಮಾತ್ರ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಅವರಿಗೆ ಫೋನ್ ಮಾಡಿ.

ಹೆಜ್ಜೆ 8: ಇವರು ನಿಮಗೆ ಸರಿಯಾ?

ಮೂರು ನಾಲ್ಕು ಭೇಟಿ ಆದ ಮೇಲೆ ಯೋಚಿಸಿ. ಕಷ್ಟ ಪೂರ್ತಿ ಹೋಗಿರುವುದಿಲ್ಲ. ಆದರೆ ನನ್ನ ಮಾತು ಇವರಿಗೆ ಕೇಳಿಸುತ್ತಿದೆ ಅನ್ನಿಸುತ್ತಿದೆಯಾ? ಹೋದ ಸಲ ಹೇಳಿದ್ದು ಅವರಿಗೆ ನೆನಪಿದೆಯಾ? ಎಲ್ಲಿಗೆ ಹೋಗುತ್ತಿದ್ದೇವೆ, ಯಾಕೆ ಹೀಗೆ ಮಾಡುತ್ತಿದ್ದೇವೆ ಅಂತ ಹೇಳಿದ್ದಾರಾ? ಮನೆಯಲ್ಲಿ ಮಾಡಲು ಏನಾದರೂ ಸಣ್ಣದು ಕೊಟ್ಟಿದ್ದಾರಾ? ಹೌದು ಅಂತಾದರೆ ಮುಂದುವರಿಸಿ.

ಫೋನ್ ನೋಡುತ್ತಾ ಕೂರುವುದು, ಜಾತಿ ವಿಚಾರಿಸಿ ಮಾತಿನ ಧಾಟಿ ಬದಲಾಯಿಸುವುದು, "ಮದ್ವೆ ಆದ್ರೆ ಎಲ್ಲಾ ಸರಿಹೋಗುತ್ತೆ" ಅನ್ನುವುದು, ಹೊಡೆಯುವ ಗಂಡನ ಜೊತೆ ಹೊಂದಿಕೊಂಡು ಹೋಗು ಅನ್ನುವುದು, ಇಂಥದ್ದು ಕಂಡರೆ ಬಿಟ್ಟುಬನ್ನಿ. ಮುಟ್ಟಲು ಬಂದರೆ, ಹೊರಗೆ ಭೇಟಿಗೆ ಕರೆದರೆ ಆ ಕ್ಷಣವೇ ಎದ್ದು ಬಂದು ದೂರು ಕೊಡಿ. ನಿಮ್ಮ ಮಗ ಸಲಿಂಗಿ ಅಂತ ಗೊತ್ತಾದಾಗ "ಸರಿ ಮಾಡಿಕೊಡ್ತೀನಿ" ಅನ್ನುವವರ ಕೈಗೆ ಅವನನ್ನು ಕೊಡಬೇಡಿ. ಡಾಕ್ಟರುಗಳು ಹಾಗೆ ಮಾಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ.

ಕೆಲವೊಮ್ಮೆ ಅವರು ಒಳ್ಳೆಯವರೇ, ಆದರೆ ನಿಮಗೆ ಹೊಂದುವುದಿಲ್ಲ. ಆಗ ಸುಮ್ನೆ ಹೋಗುವುದು ನಿಲ್ಲಿಸುವ ಬದಲು ಒಂದು ಮೆಸೇಜ್ ಹಾಕಿ: "ನಮಸ್ಕಾರ ಸರ್, ನಿಮ್ಮ ಜೊತೆ ಮಾತಾಡಿದ್ದು ಉಪಕಾರ ಆಯ್ತು. ಆದರೆ ನನಗೆ ಬೇರೆಯವರನ್ನ ನೋಡಬೇಕು ಅನ್ನಿಸ್ತಿದೆ. ಯಾರನ್ನಾದ್ರೂ ಸೂಚಿಸ್ತೀರಾ? ಇಲ್ಲಿವರೆಗೆ ಆಗಿರೋದನ್ನ ಒಂದು ಪುಟದಲ್ಲಿ ಬರೆದುಕೊಟ್ರೆ ಅವರಿಗೆ ತೋರಿಸ್ತೀನಿ." ಆ ಒಂದು ಪುಟ ಕೈಯಲ್ಲಿದ್ದರೆ ಹೊಸಬರ ಹತ್ತಿರ ಎಲ್ಲವನ್ನೂ ಮೊದಲಿನಿಂದ ಹೇಳುವ ಸಂಕಟ ತಪ್ಪುತ್ತದೆ. ಬರೆದಿಟ್ಟುಕೊಂಡ ಎರಡನೆಯ ಹೆಸರಿಗೆ ಅದೇ ವಾರ ಫೋನ್ ಮಾಡಿ.